‘ಗರಂ ಹವಾ’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ಇನ್ನೂ ನೋಡಿಲ್ಲ ಅನ್ನುವವರಿಗೆ ಒಂದು ಮಾತು. ಮೊದಲ ಎರಡು ಪ್ರಶ್ನೆಗಳನ್ನು ಧೈರ್ಯವಾಗಿ ಓದಿ. ಅಲ್ಲಿಂದ ಮುಂದೆ ಕಥೆಯ ಗುಟ್ಟುಗಳು ರಟ್ಟಾಗುತ್ತವೆ.

ಇದು ಯಾವ ಸಿನಿಮಾ? ಚುಟುಕಾಗಿ ಕಥೆ ಹೇಳಿ.

ನಮ್ಮ ಮೈಸೂರಿನ ಎಂ.ಎಸ್. ಸತ್ಯು ನಿರ್ದೇಶಿಸಿದ ಮೊದಲ ಕಥಾಚಿತ್ರ. 1973ರಲ್ಲಿ ತಯಾರಾಗಿ 1974ರಲ್ಲಿ ತೆರೆಗೆ ಬಂತು. ಕಥೆ ನಡೆಯುವುದು ಆಗ್ರಾದಲ್ಲಿ. ದೇಶ ಎರಡಾಗಿದೆ, ಗಾಂಧೀಜಿಯ ಹತ್ಯೆಯಾಗಿದೆ. ಬೂಟು ತಯಾರಿಸುವ ಸಣ್ಣ ಕಾರ್ಖಾನೆ ಇಟ್ಟುಕೊಂಡಿರುವ ಸಲೀಂ ಮಿರ್ಜಾ ಅವರ ನೆಂಟರಿಷ್ಟರು ಒಬ್ಬೊಬ್ಬರಾಗಿ ಪಾಕಿಸ್ತಾನದ ರೈಲು ಹತ್ತುತ್ತಿದ್ದಾರೆ. ಮಿರ್ಜಾ ಮಾತ್ರ ಹೋಗುವುದಿಲ್ಲ ಅನ್ನುತ್ತಾರೆ. ಹೋಗದೇ ಇದ್ದದ್ದಕ್ಕೆ ಅವರು ಏನೇನು ಕಳೆದುಕೊಳ್ಳುತ್ತಾರೆ ಅನ್ನುವುದೇ ಕಥೆ.

ದೇಶವಿಭಜನೆಯ ಇತಿಹಾಸ ಗೊತ್ತಿಲ್ಲದಿದ್ದರೆ ಅರ್ಥವಾಗುತ್ತಾ?

ಆಗುತ್ತದೆ. ಸ್ವಲ್ಪ ಹಿನ್ನೆಲೆ ಇದ್ದರೆ ಇನ್ನೂ ಚೆನ್ನಾಗಿ ಆಗುತ್ತದೆ. ಗಡಿ ಗೆರೆ ಎಳೆಯಲು ಬಂದ ರ‍್ಯಾಡ್‌ಕ್ಲಿಫ್‌ಗೆ ಸಿಕ್ಕಿದ್ದು ಸುಮಾರು ಐದು ವಾರ. ಗೆರೆ ಎಲ್ಲಿ ಹಾದುಹೋಗಿದೆ ಅಂತ ಜನಕ್ಕೆ ಗೊತ್ತಾಗಿದ್ದು 1947ರ ಆಗಸ್ಟ್ 17ರಂದು. ಅಂದರೆ ಸ್ವಾತಂತ್ರ್ಯ ಬಂದು ಎರಡು ದಿನ ಆದ ಮೇಲೆ! ಒಂದು ಕೋಟಿಗೂ ಜಾಸ್ತಿ ಜನ ಊರು ಬಿಟ್ಟರು. ಸತ್ತವರ ಲೆಕ್ಕ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಎರಡು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ ಬೇರೆಬೇರೆ ಅಂದಾಜುಗಳಿವೆ.

ಆದರೆ ಆಗ್ರಾ ಗಡಿಯಿಂದ ದೂರ. ಪಂಜಾಬಿನಲ್ಲಿ ನಡೆದಂಥ ಕೊಲೆ ಸುಲಿಗೆಯ ಕಥೆ ಇದಲ್ಲ. ಸತ್ಯು ಆರಿಸಿಕೊಂಡಿದ್ದು ರಕ್ತ ಹರಿದು ನಿಂತ ಮೇಲಿನ ದಿನಗಳನ್ನು. ಪತ್ರಿಕೆಗಳ ಮುಖಪುಟದಿಂದ ಸುದ್ದಿ ಇಳಿದ ಮೇಲೂ ಒಂದು ಮನೆಯೊಳಗೆ ವಿಭಜನೆ ನಡೆಯುತ್ತಲೇ ಇರುತ್ತದೆ. ನೋಡಬೇಕಾದ್ದು ಅದನ್ನು.

ಇದು ನಿಜವಾಗಿ ನಡೆದ ಕಥೆಯಾ?

ಸಲೀಂ ಮಿರ್ಜಾ ಅನ್ನುವ ವ್ಯಕ್ತಿ ಕಲ್ಪನೆ. ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ ಅವರ ಅಚ್ಚಾಗದ ಒಂದು ಕಥೆ ಇದಕ್ಕೆ ಮೂಲ. ಆ ಕಥೆಯಲ್ಲಿ ನಡುವೆ ಇದ್ದವನು ರೈಲ್ವೆ ಸ್ಟೇಷನ್ ಮಾಸ್ಟರ್. ಕವಿ ಕೈಫಿ ಆಜ್ಮಿ ಅವನನ್ನು ಬೂಟಿನ ಕಾರ್ಖಾನೆ ಯಜಮಾನನನ್ನಾಗಿ ಮಾಡಿದರು. ಚರ್ಮದ ಕೆಲಸಗಾರರ ನಡುವೆ ಓಡಾಡಿದ ಅನುಭವ ಅವರಿಗಿತ್ತು. ಚಿತ್ರಕಥೆಯಲ್ಲಿ ಅವರ ಜೊತೆ ಕೂತವರು ಶಮಾ ಜೈದಿ, ಸತ್ಯು ಅವರ ಪತ್ನಿ.

ಈ ಬದಲಾವಣೆ ದೊಡ್ಡ ಲಾಭ ತಂದಿದೆ. ಸ್ಟೇಷನ್ ಮಾಸ್ಟರ್ ಆಗಿದ್ದರೆ ಹೋಗುವವರನ್ನು ನೋಡುತ್ತಾ ನಿಲ್ಲುತ್ತಿದ್ದ, ಅಷ್ಟೆ. ಕಾರ್ಖಾನೆ ಇದ್ದವನಿಗೆ ಸಾಲ ಬೇಕು, ಆರ್ಡರ್ ಬೇಕು, ಕೆಲಸಗಾರರು ಬೇಕು. ರಾಜಕೀಯ ಎಲ್ಲೋ ದಿಲ್ಲಿಯಲ್ಲಿ ನಡೆದರೂ ಅದರ ಬಿಸಿ ಅವನ ಲೆಕ್ಕದ ಪುಸ್ತಕಕ್ಕೆ ನೇರವಾಗಿ ತಟ್ಟುತ್ತದೆ.

ಪಾತ್ರಗಳು ತುಂಬಾ. ಯಾರು ಯಾರಿಗೆ ಏನಾಗಬೇಕು?

ಮೊದಲ ಅರ್ಧ ಗಂಟೆ ಎಲ್ಲರಿಗೂ ಈ ಗೊಂದಲ ಆಗುತ್ತದೆ. ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಹಲೀಂ, ರಾಜಕಾರಣಿ. ತಮ್ಮ ಸಲೀಂ, ವ್ಯಾಪಾರಿ. ಅವರ ಮುದಿ ತಾಯಿ ಇನ್ನೂ ಇದ್ದಾಳೆ. ಸಲೀಂ ಹೆಂಡತಿ ಜಮೀಲಾ. ಹಿರಿಮಗ ಬಾಕರ್ ಅಪ್ಪನ ಜೊತೆ ಕಾರ್ಖಾನೆ ನೋಡಿಕೊಳ್ಳುತ್ತಾನೆ. ಕಿರಿಮಗ ಸಿಕಂದರ್ ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಮಗಳು ಆಮಿನಾಗೆ ದೊಡ್ಡಪ್ಪ ಹಲೀಂನ ಮಗ ಕಾಜಿಂ ಜೊತೆ ಮದುವೆ ಗೊತ್ತಾಗಿದೆ. ಇನ್ನು ಸಲೀಂ ಅವರ ಭಾವ ಫಕ್ರುದ್ದೀನ್. ಗಾಳಿ ಬಂದ ಕಡೆ ತೂರಿಕೊಳ್ಳುವ ಮನುಷ್ಯ, ಮುಸ್ಲಿಂ ಲೀಗ್ ಪಕ್ಷ ಬಿಟ್ಟು ಕಾಂಗ್ರೆಸ್ ಸೇರಿದವನು. ಅವನ ಮಗ ಶಂಶಾದ್‌ಗೂ ಆಮಿನಾ ಮೇಲೆ ಆಸೆ.

ಹಲೀಂ ಒಬ್ಬನ ಮೇಲೆ ಕಣ್ಣಿಡಿ. ವೇದಿಕೆ ಮೇಲೆ ನಿಂತು ‘ಏನೇ ಆದರೂ ಹಿಂದೂಸ್ತಾನ ಬಿಡಲ್ಲ’ ಅಂತ ಗಂಟಲು ಹರಿದುಕೊಳ್ಳುವವನು ಅವನೇ. ಗಂಟುಮೂಟೆ ಕಟ್ಟುವವರಲ್ಲಿ ಮುಂದಿರುವವನೂ ಅವನೇ. ಭಾಷಣ ಮಾಡದ ತಮ್ಮ ಊರಲ್ಲೇ ಉಳಿಯುತ್ತಾರೆ.

ಸಲೀಂ ಮಿರ್ಜಾ ದೇಶ ಬಿಟ್ಟಿಲ್ಲ. ಹಾಗಿದ್ದರೂ ಮನೆ ಯಾಕೆ ಕೈತಪ್ಪಿತು?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಸಿನಿಮಾದ ಜೀವವೂ ಇಲ್ಲೇ ಇರುವುದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಅವರ ಹವೇಲಿ, ಅಂದರೆ ಹಳೇ ದೊಡ್ಡ ಮನೆ, ಕಾಗದಪತ್ರದಲ್ಲಿ ಅಣ್ಣ ಹಲೀಂ ಹೆಸರಲ್ಲಿತ್ತು. ಕೂಡು ಕುಟುಂಬ ಅಲ್ವಾ, ಹೆಸರು ಯಾರದ್ದಾದರೇನು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹಲೀಂ ಪಾಕಿಸ್ತಾನಕ್ಕೆ ಹೋದ. ಹೋಗುವ ಮುಂಚೆ ತಮ್ಮನ ಹೆಸರಿಗೆ ಬರೆದುಕೊಡಲಿಲ್ಲ. ಅಲ್ಲಿಗೆ ಆ ಮನೆ ‘ದೇಶ ಬಿಟ್ಟುಹೋದವರ ಆಸ್ತಿ’ ಆಯಿತು.

ಆಗಿನ ಕಾನೂನು ಹೀಗಿತ್ತು. ಮೊದಲು ಸುಗ್ರೀವಾಜ್ಞೆಗಳು ಬಂದವು, ಆಮೇಲೆ 1950ರಲ್ಲಿ ಪೂರ್ಣ ಕಾಯ್ದೆಯೇ ಬಂತು. 1947ರ ಮಾರ್ಚ್ 1ರ ನಂತರ ವಿಭಜನೆ ಅಥವಾ ಗಲಭೆಯ ಕಾರಣಕ್ಕೆ ಭಾರತ ಬಿಟ್ಟವರ ಆಸ್ತಿ ಕಸ್ಟೋಡಿಯನ್ ಅನ್ನುವ ಸರ್ಕಾರಿ ಅಧಿಕಾರಿಯ ವಶಕ್ಕೆ ಹೋಗುತ್ತಿತ್ತು. ಆ ಕಡೆಯಿಂದ ಎಲ್ಲ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಇಂಥ ಮನೆಗಳನ್ನು ಕೊಡುತ್ತಿದ್ದರು. ಪಾಕಿಸ್ತಾನವೂ ತನ್ನ ಕಡೆ ಇಂಥದ್ದೇ ವ್ಯವಸ್ಥೆ ಮಾಡಿಕೊಂಡಿತ್ತು.

ಕೇಳಲು ನ್ಯಾಯವಾಗಿಯೇ ಇದೆ. ತೊಂದರೆ ಇದ್ದದ್ದು ನಡುವೆ ಸಿಕ್ಕಿಕೊಂಡವರಿಗೆ. ಅಣ್ಣ ಹೋದ, ತಮ್ಮ ಉಳಿದ. ಗಂಡ ಹೋದ, ಹೆಂಡತಿ ಉಳಿದಳು. ಇಂಥ ಮನೆಗಳಲ್ಲಿ ಉಳಿದವರೇ ಕಚೇರಿ ಕಚೇರಿ ಅಲೆದು ‘ನಾವು ಇಲ್ಲಿಯವರೇ’ ಅಂತ ಸಾಬೀತು ಮಾಡಬೇಕಿತ್ತು. ದೇಶ ಬಿಡುವ ಲಕ್ಷಣ ಕಾಣಿಸಿದವರನ್ನು ‘ಹೋಗಲಿರುವವರು’ ಅಂತ ಗುರುತಿಸುವ ಅವಕಾಶ ಕೂಡ ಕಾಯ್ದೆಯಲ್ಲಿತ್ತು. 1953ರವರೆಗೂ ಅದು ಜಾರಿಯಲ್ಲಿತ್ತು.

ಮಿರ್ಜಾಗೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುವುದನ್ನು ಇದರ ಜೊತೆ ಇಟ್ಟು ನೋಡಿ. ನಾಳೆ ಇವರೂ ಹೊರಟುಬಿಟ್ಟರೆ ಸಾಲ ವಸೂಲಿ ಮಾಡುವುದು ಯಾರಿಂದ? ಯಾರೂ ಬೈಯುವುದಿಲ್ಲ. ಯಾರೂ ಹೊಡೆಯುವುದಿಲ್ಲ. ಕುರ್ಚಿ ಕೊಟ್ಟು ಕೂರಿಸಿ, ಮರ್ಯಾದೆಯಿಂದಲೇ ಇಲ್ಲ ಅನ್ನುತ್ತಾರೆ. ನನ್ನ ಮಟ್ಟಿಗೆ ಇಡೀ ಸಿನಿಮಾದಲ್ಲಿ ಹೆದರಿಕೆ ಹುಟ್ಟಿಸುವುದು ಈ ಮರ್ಯಾದೆಯೇ.

ಹಾಗಾದರೆ ಆ ಮನೆಗೆ ಬಂದ ಅಜ್ಮಾನಿ ಖಳನಾಯಕನಾ?

ಅಲ್ಲವೇ ಅಲ್ಲ. ಅಜ್ಮಾನಿ ಸಿಂಧಿ ವ್ಯಾಪಾರಿ. ಕರಾಚಿಯಲ್ಲಿ ತನ್ನದೆಲ್ಲ ಬಿಟ್ಟು ಬಂದವನು. ಮಿರ್ಜಾ ಕಂಡರೆ ಅವನಿಗೆ ಗೌರವ ಇದೆ. ಆ ಮನೆ ಅವನು ಕಿತ್ತುಕೊಂಡದ್ದಲ್ಲ, ಸರ್ಕಾರ ಕೊಟ್ಟದ್ದು. ಮನೆ ಕಳೆದುಕೊಂಡ ಒಬ್ಬನನ್ನು ಇನ್ನೊಬ್ಬನ ಮನೆಗೆ ತಂದು ಕೂರಿಸಿದ್ದಾರೆ, ಅಷ್ಟೇ.

ಈ ಪಾತ್ರ ಮಾಡಿದವರು ಎ.ಕೆ. ಹಂಗಲ್. ಅವರು ಕರಾಚಿಯಲ್ಲಿ ಎಡಪಂಥೀಯ ಚಟುವಟಿಕೆಗಾಗಿ ಜೈಲು ಕಂಡವರು, 1949ರಲ್ಲಿ ಮುಂಬೈಗೆ ಬಂದವರು. ನಟನೆಗೆ ಬೇಕಾದ ಸರಕು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ?

ಮದುವೆಗೆ ಅಂತ ಬಂದ ಕಾಜಿಂನನ್ನು ಪೊಲೀಸರು ಯಾಕೆ ಹಿಡಿದುಕೊಂಡು ಹೋದರು?

ಅವನ ಹತ್ತಿರ ಪರ್ಮಿಟ್ ಇರಲಿಲ್ಲ. ಮೊದಲ ಕೆಲವು ತಿಂಗಳು ಎರಡೂ ದೇಶಗಳ ನಡುವೆ ಜನ ಹೋಗಿಬರಬಹುದಿತ್ತು. 1948ರ ಜುಲೈನಲ್ಲಿ ಭಾರತ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಕಡ್ಡಾಯ ಮಾಡಿತು. ಪಾಕಿಸ್ತಾನವೂ ಅದೇ ವರ್ಷ ಹಾಗೇ ಮಾಡಿತು. ಪಾಸ್‌ಪೋರ್ಟ್ ಬಂದಿದ್ದು 1952ರಲ್ಲಿ. ಹುಟ್ಟಿ ಬೆಳೆದ ಊರಿಗೆ ಮದುವೆಯಾಗಲು ಬಂದ ಹುಡುಗ ಹೀಗೆ ಒಂದು ಕಾಗದ ಇಲ್ಲದ್ದಕ್ಕೆ ಅಪರಾಧಿಯಾಗುತ್ತಾನೆ. ಮನೆ ತುಂಬಾ ಮದುವೆ ತಯಾರಿ, ಬಾಗಿಲಲ್ಲಿ ಪೊಲೀಸರು.

ಮಿರ್ಜಾ ಮೇಲೆ ಗೂಢಚಾರಿಕೆಯ ಆರೋಪ ಬರುತ್ತಲ್ಲ, ಅದು ಅತಿ ಆಯಿತು ಅನ್ನಿಸುವುದಿಲ್ಲವಾ?

ಮೊದಲು ಹಾಗೇ ಅನ್ನಿಸುತ್ತದೆ. ಆದರೆ ಅವರು ಮಾಡಿದ್ದೇನು ನೋಡಿ. ಕರಾಚಿಯಲ್ಲಿರುವ ಅಣ್ಣನಿಗೆ ಹಳೇ ಮನೆಯ ನಕ್ಷೆ ಕಳಿಸಿದರು. ಬಿಟ್ಟುಬಂದ ಆಸ್ತಿಗೆ ಅಲ್ಲಿ ಪರಿಹಾರ ಕೇಳಲು ಅಣ್ಣನಿಗೆ ಅದು ಬೇಕಿತ್ತು. ಲಕೋಟೆಯ ಮೇಲೆ ಕರಾಚಿಯ ವಿಳಾಸ, ಒಳಗೆ ನಕ್ಷೆ. ಅನುಮಾನದ ಕಣ್ಣಿಗೆ ಇಷ್ಟು ಸಾಕು. ಕೋರ್ಟು ಅವರನ್ನು ಬಿಡುಗಡೆ ಮಾಡುತ್ತದೆ. ಬೀದಿ ಬಿಡುಗಡೆ ಮಾಡುವುದಿಲ್ಲ.

ಗಲಭೆ, ರೈಲು ತುಂಬ ಹೆಣ, ಇವೆಲ್ಲ ಯಾಕೆ ಇಲ್ಲ?

ಶುರುವಿನಲ್ಲಿ ಬರುವ ಹಳೇ ಫೋಟೋಗಳ ಸಾಲು ಆ ಕೆಲಸ ಮುಗಿಸಿಬಿಡುತ್ತದೆ. ಸ್ವಾತಂತ್ರ್ಯ, ನಾಯಕರು, ಗುಳೆ ಹೊರಟ ಜನ, ಆಮೇಲೆ ಗುಂಡಿನ ಸದ್ದು. ಅಲ್ಲಿಂದ ನೇರವಾಗಿ ಆಗ್ರಾ ಸ್ಟೇಷನ್ನು. ಮಿರ್ಜಾ ಯಾರನ್ನೋ ಬೀಳ್ಕೊಟ್ಟು ಟಾಂಗಾ ಹತ್ತುತ್ತಾರೆ. ‘ಇವತ್ತು ಯಾರನ್ನು ಬಿಟ್ಟುಬಂದಿರಿ?’ ಅಂತ ಟಾಂಗಾದವನು ಕೇಳುತ್ತಾನೆ. ಇದು ದಿನಾ ನಡೆಯುವ ಮಾತುಕತೆ ಆಗಿಬಿಟ್ಟಿದೆ ಅಂತ ಆ ಒಂದು ಪ್ರಶ್ನೆಯಲ್ಲೇ ಗೊತ್ತಾಗುತ್ತದೆ.

ಮುಂದೆ ಕಲ್ಲು ತೂರಾಟ ಬರುತ್ತದೆ, ಬೆಂಕಿಯೂ ಬರುತ್ತದೆ. ಆದರೆ ಕ್ಯಾಮೆರಾ ಅದರ ಬೆನ್ನು ಹತ್ತುವುದಿಲ್ಲ. ಮನೆ ಬಾಡಿಗೆಗೆ ಅಲೆಯುವ ಮಿರ್ಜಾ ಬಾಗಿಲಲ್ಲೇ ನಿಂತು ತಮ್ಮ ಹೆಸರು, ಧರ್ಮ ಮೊದಲೇ ಹೇಳಿಬಿಡುತ್ತಾರೆ. ಒಳಗೆ ಕೂತು ಮಾತಾಡಿ ಆಮೇಲೆ ‘ಆಗಲ್ಲ’ ಅನ್ನಿಸಿಕೊಳ್ಳುವುದು ಅವರಿಗೆ ಬೇಡ. ಇಂಥ ಒಂದು ನಿಮಿಷದ ಮುಂದೆ ದೊಡ್ಡ ಗಲಭೆ ದೃಶ್ಯವೂ ಸಪ್ಪೆ. ವಿಭಜನೆಯ ಬಗ್ಗೆ ಆಮೇಲೆ ಬಂದ ಎಷ್ಟೋ ಚಿತ್ರಗಳು ಹಿನ್ನೆಲೆ ಸಂಗೀತ ಜೋರು ಮಾಡಿ ನಮ್ಮನ್ನು ಅಳಿಸಲು ನೋಡುತ್ತವೆ. ಸತ್ಯುಗೆ ಅಷ್ಟು ಅವಸರ ಇಲ್ಲ.

ಎಲ್ಲರೂ ಅಜ್ಜಿಯ ಬಗ್ಗೆಯೇ ಮಾತಾಡುತ್ತಾರೆ. ಅಂಥದ್ದೇನಿದೆ?

ಮನೆ ಖಾಲಿ ಮಾಡುವ ದಿನ. ಸಾಮಾನು ಗಾಡಿಗೆ ಏರಿದೆ. ಅಜ್ಜಿ ಕಾಣುತ್ತಿಲ್ಲ. ಹುಡುಕಿದರೆ ಸೌದೆ ಇಡುವ ಕತ್ತಲ ಮೂಲೆಯಲ್ಲಿ ಮುದುರಿ ಕೂತಿದ್ದಾಳೆ. ರಾಜಕೀಯ, ಕಾನೂನು, ಕಸ್ಟೋಡಿಯನ್ ಒಂದೂ ಅವಳಿಗೆ ತಿಳಿಯದು. ಮದುವಣಗಿತ್ತಿಯಾಗಿ ಬಂದ ಮನೆ ಇದು. ಹೆಣವಾಗಿಯೇ ಇಲ್ಲಿಂದ ಹೋಗುವುದು ಅಂತ ಅವಳ ಲೆಕ್ಕ. ಕೊನೆಗೆ ಎತ್ತಿಕೊಂಡೇ ಹೋಗಬೇಕಾಗುತ್ತದೆ.

ಬಾಡಿಗೆ ಮನೆಯಲ್ಲಿ ಅವಳ ಪ್ರಾಣ ಹೋಗಲೊಲ್ಲದು. ಹಳೇ ಮನೆ, ಹಳೇ ಮನೆ ಅನ್ನುತ್ತಾಳೆ. ಅಜ್ಮಾನಿ ಒಪ್ಪುತ್ತಾನೆ. ಪಲ್ಲಕ್ಕಿಯಲ್ಲಿ ಅವಳನ್ನು ಹವೇಲಿಗೆ ಕರೆತರುತ್ತಾರೆ. ದಾರಿಯಲ್ಲಿ ಅವಳ ಕಿವಿಗೆ ತನ್ನ ಮದುವೆ ದಿಬ್ಬಣದ ಸದ್ದು ಕೇಳಿಸುತ್ತದೆ. ಪಲ್ಲಕ್ಕಿ ಅಲುಗಾಡುವ ರೀತಿ, ಮುಸುಕಿನ ಒಳಗಿನಿಂದ ಇಣುಕುವ ಮಬ್ಬು ಕಣ್ಣು, ಹಿನ್ನೆಲೆಯಲ್ಲಿ ಶಹನಾಯಿ. ಸಂಭಾಷಣೆ ಇಲ್ಲವೆಂದರೂ ಸರಿ. ಹಳೇ ಮನೆಯಲ್ಲೇ ಅವಳ ಉಸಿರು ನಿಲ್ಲುತ್ತದೆ.

ಪಾತ್ರ ಮಾಡಿದವರು ಆಗ್ರಾದ್ದೇ ಬದರ್ ಬೇಗಂ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಪೊರೆ ಬಂದು ದೃಷ್ಟಿ ಮಂಜಾಗಿತ್ತು. ನಾವು ಕೇಳುವ ದನಿ ಮಾತ್ರ ನಟಿ ದೀನಾ ಪಾಠಕ್ ಅವರದ್ದು. ಹೇಳದಿದ್ದರೆ ಗೊತ್ತೇ ಆಗುವುದಿಲ್ಲ.

ಆಮಿನಾ ಸಾಯಲೇಬೇಕಿತ್ತಾ?

ಇದಕ್ಕೆ ನನ್ನಲ್ಲೂ ಪೂರ್ತಿ ಒಪ್ಪಿಗೆ ಇಲ್ಲ. ಒಮ್ಮೆ ಕಾಜಿಂ, ಇನ್ನೊಮ್ಮೆ ಶಂಶಾದ್. ಎರಡು ಸಲ ಗಡಿಯಾಚೆಗೆ ಹೋದ ಹುಡುಗರನ್ನು ನಂಬಿ ಕೂತವಳು. ಎರಡನೇ ಸಲವೂ ಕೈತಪ್ಪಿತು ಅಂತ ಗೊತ್ತಾದಾಗ ಮದುವೆ ಬಟ್ಟೆ ಉಟ್ಟು ಪ್ರಾಣ ಬಿಡುತ್ತಾಳೆ. ಗಂಡಸರು ಎಳೆದ ಗೆರೆಗೆ ಹೆಣ್ಣು ಬಲಿಯಾಗುವುದು ಆ ಕಾಲದ ಕಟು ಸತ್ಯ, ನಿಜ. ಆದರೆ ಅಷ್ಟು ಚುರುಕಾಗಿ, ಮುನಿಸಿಕೊಂಡು, ನಗುತ್ತಾ ಓಡಾಡಿದ ಹುಡುಗಿಗೆ ಬರೆದವರು ಬೇರೆ ದಾರಿಯನ್ನೇ ಹುಡುಕಲಿಲ್ಲ ಅನ್ನಿಸುತ್ತದೆ. ಗೀತಾ ಸಿದ್ಧಾರ್ಥ್ ನಟನೆ ಆ ಕೊರತೆಯನ್ನು ಬಹಳಷ್ಟು ಮುಚ್ಚಿದೆ.

ಫತೇಪುರ್ ಸಿಕ್ರಿಯ ಸಲೀಂ ಚಿಸ್ತಿ ದರ್ಗಾದ ಕವ್ವಾಲಿ ಅವಳ ಕಥೆಯ ನಡುವೆಯೇ ಬರುತ್ತದೆ. ಹಾಡು ಅಂತ ಓಡಿಸಿಬಿಡಬೇಡಿ.

ಬಲರಾಜ್ ಸಾಹ್ನಿಯವರ ಕೊನೇ ಸಿನಿಮಾ ಇದೇನಾ?

ಸಲೀಂ ಮಿರ್ಜಾ ಆಗಿರುವವರು ಅವರೇ. ಅವರ ಕೊನೆಯ ದೊಡ್ಡ ಪಾತ್ರ ಅಂತ ಇದನ್ನೇ ಹೇಳುತ್ತಾರೆ. ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು, ತೀರಿಕೊಂಡರು. ಪೂರ್ತಿ ಚಿತ್ರ ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಅವರು ಹುಟ್ಟಿದ್ದು ರಾವಲ್ಪಿಂಡಿಯಲ್ಲಿ. ಆ ಊರು ಪಾಕಿಸ್ತಾನಕ್ಕೆ ಸೇರಿತು. ಊರು ಕಳೆದುಕೊಂಡ ಪಂಜಾಬಿ ಹಿಂದೂ ಒಬ್ಬರು, ಊರು ಬಿಡಲೊಪ್ಪದ ಆಗ್ರಾದ ಮುಸ್ಲಿಂ ಯಜಮಾನನಾಗಿ ನಟಿಸಿದ್ದಾರೆ. ಚಿತ್ರದ ಹೊತ್ತಿಗೆ ಅವರು ಸ್ವಂತ ಮಗಳನ್ನೂ ಕಳೆದುಕೊಂಡಿದ್ದರು. ಆಮಿನಾ ಸತ್ತಾಗ ಮಿರ್ಜಾ ಕೂಗಾಡುವುದಿಲ್ಲ. ಆ ಮುಖ ನೋಡಿ, ಸಾಕು.

ಸಿಕಂದರ್ ಆಗಿ ಬರುವ ಸಣಕಲು ಹುಡುಗ ಯಾರು ಅಂತ ಕೆಲವರು ಕೇಳುತ್ತಾರೆ. ಅವರು ಫಾರೂಕ್ ಶೇಖ್, ಇದು ಅವರ ಮೊದಲ ಸಿನಿಮಾ. ಸಿಕ್ಕ ಸಂಭಾವನೆ 750 ರೂಪಾಯಿ.

ಅಷ್ಟು ಕಡಿಮೆ ದುಡ್ಡಲ್ಲಿ ಹೇಗೆ ತೆಗೆದರು?

ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಎರಡೂವರೆ ಲಕ್ಷ ರೂಪಾಯಿ ಕೊಟ್ಟಿತು. ಉಳಿದದ್ದಕ್ಕೆ ಸ್ನೇಹಿತರ ಹತ್ತಿರ ಸಾಲ. ಕ್ಯಾಮೆರಾ ಹಿಡಿದ ಈಶಾನ್ ಆರ್ಯ ಅವರಿಗೂ ಇದು ಮೊದಲ ಕಥಾಚಿತ್ರ, ನಿರ್ಮಾಣದಲ್ಲೂ ಅವರ ಪಾಲಿತ್ತು. ಶೂಟಿಂಗ್ ಜಾಗದಲ್ಲಿ ಧ್ವನಿ ಮುದ್ರಿಸುವ ಸಲಕರಣೆಗೆ ಕಾಸಿರಲಿಲ್ಲ. ಹಾಗಾಗಿ ಇಡೀ ಚಿತ್ರವನ್ನು ಮೂಕವಾಗಿ ತೆಗೆದು ಆಮೇಲೆ ಡಬ್ ಮಾಡಿದರು. ನಟರಲ್ಲಿ ತುಂಬಾ ಜನ ಇಪ್ಟಾ ಅನ್ನುವ ಎಡಪಂಥೀಯ ನಾಟಕ ಸಂಘದವರು, ಅದರ ಆಗ್ರಾ ಶಾಖೆಯವರೂ ಸೇರಿ. ಜಮೀಲಾ ಆಗಿರುವ ಶೌಕತ್ ಆಜ್ಮಿ, ಕೈಫಿಯವರ ಪತ್ನಿ. ಮನೆಮಂದಿಯೇ ಸೇರಿ ಕಟ್ಟಿದ ಸಿನಿಮಾ ಅನ್ನಬಹುದು.

ಆಗ್ರಾದಲ್ಲಿ ಶೂಟಿಂಗಿಗೆ ವಿರೋಧ ಇತ್ತು. ಅದಕ್ಕೆ ಸತ್ಯು ಒಂದು ಉಪಾಯ ಹೂಡಿದರು. ಫಿಲ್ಮೇ ಇಲ್ಲದ ಕ್ಯಾಮೆರಾ ಕೊಟ್ಟು ಇನ್ನೊಂದು ತಂಡವನ್ನು ಬೇರೆ ಬೀದಿಗೆ ಕಳಿಸುವುದು. ಗಲಾಟೆ ಮಾಡುವವರು ಆ ಕಡೆ ಓಡುತ್ತಿದ್ದರು. ಈ ಕಡೆ ನಿಜವಾದ ಶೂಟಿಂಗ್ ಸದ್ದಿಲ್ಲದೆ ನಡೆಯುತ್ತಿತ್ತು.

ಸೆನ್ಸಾರ್ ಯಾಕೆ ತಡೆದಿತ್ತು? ಮೊದಲು ಬಿಡುಗಡೆಯಾದದ್ದು ಬೆಂಗಳೂರಲ್ಲೇ ಅನ್ನುವುದು ನಿಜವಾ?

ನಿಜ. ಕೋಮುಗಲಭೆ ಆದೀತು ಅಂತ ಹೆದರಿ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ಕೂರಿಸಿತು. ಸತ್ಯು ಅಧಿಕಾರಿಗಳಿಗೆ, ನಾಯಕರಿಗೆ, ಪತ್ರಕರ್ತರಿಗೆ ಒಬ್ಬೊಬ್ಬರಿಗೇ ತೋರಿಸುತ್ತಾ ಬಂದರು. ಕೊನೆಗೆ ಅನುಮತಿ ಸಿಕ್ಕಾಗ ಮೊದಲು ತೆರೆ ಕಂಡದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಜನ ಸುಮ್ಮನೆ ಬಂದರು, ನೋಡಿದರು, ಮೆಚ್ಚಿದರು. ಯಾವ ಗಲಭೆಯೂ ಆಗಲಿಲ್ಲ. ಅದಾದ ಮೇಲೆಯೇ ಬೇರೆ ಊರುಗಳ ಬಾಗಿಲು ತೆರೆದದ್ದು.

1974ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಭಾರತದಿಂದ ಆಸ್ಕರ್‌ಗೂ ಹೋಯಿತು. ರಾಷ್ಟ್ರೀಯ ಭಾವೈಕ್ಯತೆಯ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಐಕ್ಯತೆಗೆ ಧಕ್ಕೆ ಅಂತ ತಡೆದ ಚಿತ್ರಕ್ಕೇ ಐಕ್ಯತೆಯ ಪ್ರಶಸ್ತಿ!

ಕೊನೆಯಲ್ಲಿ ಮೆರವಣಿಗೆ ಸೇರುವುದು ತುರುಕಿದ ಹಾಗಿಲ್ಲವಾ?

ಈ ದೂರು ಹೊಸದಲ್ಲ. ಎಲ್ಲ ಕಳೆದುಕೊಂಡ ಮಿರ್ಜಾ ಕೊನೆಗೂ ಪಾಕಿಸ್ತಾನಕ್ಕೆ ಹೊರಡುತ್ತಾರೆ. ಸ್ಟೇಷನ್ ದಾರಿಯಲ್ಲಿ ಕೆಲಸ ಕೇಳುವ ಜನರ ಮೆರವಣಿಗೆ ಎದುರಾಗುತ್ತದೆ. ಸಿಕಂದರ್ ಇಳಿದು ಸೇರುತ್ತಾನೆ. ಅಪ್ಪನೂ ಹೆಂಡತಿಯನ್ನು ಅದೇ ಟಾಂಗಾದಲ್ಲಿ ಮನೆಗೆ ಕಳಿಸಿ ಗುಂಪಿನೊಳಗೆ ನಡೆಯುತ್ತಾರೆ.

ಬರೆದವರ ಎಡಪಂಥೀಯ ನಂಬಿಕೆ ಇಲ್ಲಿ ಎದ್ದು ಕಾಣುತ್ತದೆ, ಇಲ್ಲ ಅನ್ನಲಾಗದು. ಎರಡೂ ಕಾಲು ಗಂಟೆ ಇಷ್ಟಿಷ್ಟೇ ಹೇಳಿದ ಚಿತ್ರ, ಕೊನೇ ನಿಮಿಷಗಳಲ್ಲಿ ದನಿ ಎತ್ತರಿಸುತ್ತದೆ. ಆದರೆ ತುರುಕಿದ್ದು ಅಂತ ನಾನು ಹೇಳುವುದಿಲ್ಲ. ಸಿಕಂದರ್ ಚಹಾ ಅಂಗಡಿಯಲ್ಲಿ ಗೆಳೆಯರ ಜೊತೆ ಕೂತು ಕೆಲಸ ಇಲ್ಲದ ಗೋಳು ಹೇಳಿಕೊಳ್ಳುವುದನ್ನು ನೆನಪಿಸಿಕೊಳ್ಳಿ. ಇಂಟರ್‌ವ್ಯೂನಲ್ಲಿ ಅವನಿಗೆ ಪಾಕಿಸ್ತಾನದ ದಾರಿ ತೋರಿಸುತ್ತಾರೆ. ಅವನ ಹಿಂದೂ ಗೆಳೆಯರಿಗೆ ಆ ದಾರಿಯೂ ಇಲ್ಲ, ಕೆಲಸವೂ ಇಲ್ಲ. ಬೀಜ ಅಲ್ಲೇ ಬಿದ್ದಿತ್ತು. ಅಪ್ಪ ಗಾಡಿ ಇಳಿಯುವ ಹೊತ್ತಿಗೆ ಇನ್ನೂ ಸ್ವಲ್ಪ ಸಮಯ ಕೊಟ್ಟಿದ್ದರೆ ಚೆನ್ನಾಗಿತ್ತು, ಅಷ್ಟೇ.

ಉರ್ದು ಬರುವುದಿಲ್ಲ. ನಡೆಯುತ್ತಾ?

ಹಿಂದಿ ಸಿನಿಮಾ ನೋಡುವ ಅಭ್ಯಾಸ ಇದ್ದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಆರಂಭ ಮತ್ತು ಕೊನೆಯ ಕೈಫಿ ಕವಿತೆಯ ಸಾಲುಗಳಿಗೆ ಮಾತ್ರ ಸಬ್‌ಟೈಟಲ್ ಬೇಕಾಗಬಹುದು.

ಮಕ್ಕಳ ಜೊತೆ ನೋಡಬಹುದಾ?

ಹೈಸ್ಕೂಲು ದಾಟಿದವರ ಜೊತೆ ನೋಡಿ. ರಕ್ತಪಾತ ಕಡಿಮೆ. ಆದರೆ ಆತ್ಮಹತ್ಯೆಯ ದೃಶ್ಯ ಇದೆ, ಅದನ್ನು ಮೊದಲೇ ಹೇಳಿ ಕೂರಿಸುವುದು ಒಳ್ಳೆಯದು.

ಸತ್ಯು ಕನ್ನಡದಲ್ಲಿ ಏನು ಮಾಡಿದ್ದಾರೆ?

‘ಕನ್ನೇಶ್ವರ ರಾಮ’, ‘ಚಿತೆಗೂ ಚಿಂತೆ’, ‘ಬರ’, ‘ಗಳಿಗೆ’, ‘ಇಜ್ಜೋಡು’. ಇದು ಇಷ್ಟವಾದವರು ಮೊದಲು ‘ಬರ’ ನೋಡಿ. ಯು.ಆರ್. ಅನಂತಮೂರ್ತಿಯವರ ಕಥೆ. ಅಲ್ಲಿ ಗಡಿ ಬದಲು ಬರಗಾಲ. ಕಚೇರಿ, ರಾಜಕಾರಣಿ, ಕಾಗದ ಮಾತ್ರ ಇಲ್ಲಿಯ ಹಾಗೇ.

ಯಾವ ಪ್ರತಿ ನೋಡಬೇಕು?

2014ರ ನವೆಂಬರ್‌ನಲ್ಲಿ ಚಿತ್ರ ಮತ್ತೆ ಬಿಡುಗಡೆಯಾಯಿತು. ಆಗ ಚಿತ್ರ ಮತ್ತು ಧ್ವನಿ ಎರಡನ್ನೂ ಸರಿಪಡಿಸಿದ್ದರು. ಸಿಕ್ಕರೆ ಆ ಪ್ರತಿಯನ್ನೇ ನೋಡಿ. ಮಸುಕಾದ ಹಳೇ ಪ್ರತಿಗಳಲ್ಲಿ ಹವೇಲಿಯ ಒಳಗಿನ ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ. ಸೌದೆ ಮೂಲೆಯ ಅಜ್ಜಿ ಅಂತೂ ಬರೀ ಕಪ್ಪು ಚುಕ್ಕೆ.